ಮತಯಂತ್ರದ ಕೋಡ್ ತೆರೆದಿಟ್ಟರೆ ಸಾಕಾ?

(ಎಂಜಿನಿಯರಿಂಗ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ. ಮಾತಿನಲ್ಲಿ ಎರಡೆರಡು ಸಲ ಬಂದದ್ದನ್ನು ತೆಗೆದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಮಾತ್ರ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

2004ರ ವಿಧಾನಸಭಾ ಚುನಾವಣೆ. ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿ ಕ್ಷೇತ್ರ. ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ ಅವರಿಗೆ 40,752 ಮತ ಬಂತು. ಜೆಡಿಎಸ್‌ನ ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಒಂದೇ ಒಂದು ಮತದ ಸೋಲು. ಈ ಕಥೆ ಹೇಳುವವರೆಲ್ಲ ‘ನೋಡಿ, ಒಂದು ಮತಕ್ಕೆ ಎಷ್ಟು ಬೆಲೆ’ ಅಂತ ಮುಗಿಸುತ್ತಾರೆ. ನನಗೆ ಅಲ್ಲಿಂದಲೇ ತಲೆ ಕೆರೆಯೋಕೆ ಶುರುವಾಗುತ್ತದೆ. ಆ ಹೊತ್ತಿಗೆ ಇವಿಎಂ ಬಂದಿತ್ತು, ಹಾಕಿದ ಮತವನ್ನು ಚೀಟಿಯಲ್ಲಿ ಮುದ್ರಿಸಿ ತೋರಿಸುವ ವಿವಿಪ್ಯಾಟ್ ಇನ್ನೂ ಬಂದಿರಲಿಲ್ಲ. ಸೋತವರು ‘ಇನ್ನೊಂದು ಸಲ ಎಣಿಸಿ’ ಅಂದರೆ ಏನು ಮಾಡೋಕಾಗುತ್ತೆ? ರಿಸಲ್ಟ್ ಬಟನ್ ಮತ್ತೆ ಒತ್ತಬಹುದು. ಯಂತ್ರ ಮೊದಲು ಹೇಳಿದ್ದನ್ನೇ ಮತ್ತೆ ಹೇಳುತ್ತದೆ.

ಆ ಫಲಿತಾಂಶ ತಪ್ಪು ಅಂತ ನಾನು ಹೇಳುತ್ತಿಲ್ಲ. ತಪ್ಪು ಅನ್ನೋಕೆ ಯಾವ ಆಧಾರವೂ ಇಲ್ಲ. ಸರಿ ಅಂತ ಸೋತವರಿಗೆ ತೋರಿಸೋಕೂ ಆಗ ಏನೂ ಇರಲಿಲ್ಲ ಅನ್ನುವುದಷ್ಟೇ ನನ್ನ ಮಾತು. ಚುನಾವಣೆಯಲ್ಲಿ ಗೆದ್ದವರನ್ನು ಒಪ್ಪಿಸುವ ಕಷ್ಟ ಯಾರಿಗೂ ಇರುವುದಿಲ್ಲ. ಸೋತವರು ‘ಆಯ್ತಪ್ಪ, ಸೋತೆ’ ಅಂತ ಮನೆಗೆ ಹೋಗಬೇಕು, ಕೆಲಸ ಇರೋದು ಅಲ್ಲಿ.

ನಮ್ಮಂಥ ಮುಕ್ತ ತಂತ್ರಾಂಶದ ಮಂದಿ, ಅಂದರೆ ಪ್ರೋಗ್ರಾಂ ಬರೆದ ಸಾಲುಗಳನ್ನು (ಸೋರ್ಸ್ ಕೋಡ್) ಎಲ್ಲರೂ ಓದುವಂತಿರಬೇಕು ಅನ್ನುವವರು, ಇದಕ್ಕೆ ಒಂದು ಸಿದ್ಧ ಉತ್ತರ ಇಟ್ಟುಕೊಂಡಿರುತ್ತೇವೆ: ‘ಸೋರ್ಸ್ ಕೋಡ್ ತೆರೆದಿಡಿ, ಎಲ್ಲರೂ ನೋಡಲಿ.’ ನಾನೂ ಆ ಗುಂಪಿನವನೇ. ಕೋಡ್ ತೆರೆದಿಡಬೇಕು ಅನ್ನುವುದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ಅದೊಂದು ಸಿಕ್ಕಿಬಿಟ್ಟರೆ ನಂಬಿಕೆ ತಾನಾಗಿ ಬರುತ್ತೆ ಅನ್ನುವುದು ಮಾತ್ರ ಸುಳ್ಳು. ಇವತ್ತು ಹೇಳೋದೆಲ್ಲ ಇದರ ಸುತ್ತಲೇ.

ಮೊದಲು ನಮ್ಮ ಯಂತ್ರದ ಹುಟ್ಟು. ಭಾರತದಲ್ಲಿ ಇದನ್ನು ಮಾಡುವುದು ಎರಡೇ ಸರ್ಕಾರಿ ಕಂಪನಿ. ಒಂದು ನಮ್ಮ ಬೆಂಗಳೂರಿನ ಬಿಇಎಲ್, ಇನ್ನೊಂದು ಹೈದರಾಬಾದಿನ ಇಸಿಐಎಲ್. ಬಿಇಎಲ್‌ನಲ್ಲಿ ಇದರ ವಿನ್ಯಾಸದ ಉಸ್ತುವಾರಿಯಲ್ಲಿದ್ದ ಎಂಜಿನಿಯರ್ ಎಸ್. ರಂಗರಾಜನ್. ಯಾರು ಅಂತ ಗೊತ್ತಾಯ್ತಾ? ತಮಿಳಿನಲ್ಲಿ ‘ಸುಜಾತಾ’ ಅನ್ನುವ ಹೆಸರಲ್ಲಿ ಪತ್ತೇದಾರಿ, ವೈಜ್ಞಾನಿಕ ಕಥೆ ಬರೆದ ದೊಡ್ಡ ಲೇಖಕ, ಅವರೇ. ಇರಲಿ.

1982ರಲ್ಲಿ ಕೇರಳದ ಪರೂರು ಕ್ಷೇತ್ರದ 50 ಮತಗಟ್ಟೆಗಳಲ್ಲಿ ಯಂತ್ರವನ್ನು ಮೊದಲ ಸಲ ಇಟ್ಟರು. ಸೋತ ಅಭ್ಯರ್ಥಿ ಕೋರ್ಟಿಗೆ ಹೋದರು. ಕಾನೂನಿನಲ್ಲಿ ಮತಪತ್ರ ಅಂತ ಮಾತ್ರ ಇದೆ, ಯಂತ್ರಕ್ಕೆ ಅವಕಾಶ ಇಲ್ಲ ಅಂದಿತು ಸುಪ್ರೀಂ ಕೋರ್ಟ್, 1984ರಲ್ಲಿ. ಆ 50 ಕಡೆ ಕಾಗದದ ಮೇಲೆ ಮರುಮತದಾನ ಆಯಿತು. ಮೊದಲು ಸೋತಿದ್ದವರೇ ಗೆದ್ದರು! ಎರಡು ವರ್ಷ ಕಳೆದಿತ್ತು, ಜನರ ಮನಸ್ಸೂ ಬದಲಾಗಿದ್ದಿರಬಹುದು, ಹಾಗಾಗಿ ಯಂತ್ರ ಕೆಟ್ಟಿತ್ತು ಅಂತ ಇದರಿಂದ ಹೇಳೋಕಾಗಲ್ಲ. ಆಮೇಲೆ ಕಾನೂನು ತಿದ್ದಿದರು. 2004ರ ಹೊತ್ತಿಗೆ ಲೋಕಸಭೆಯ ಎಲ್ಲ 543 ಕ್ಷೇತ್ರಗಳಿಗೂ ಯಂತ್ರ ಬಂತು.

ಇದರ ಕೋಡ್ ಮಾತ್ರ ಇವತ್ತಿಗೂ ಹೊರಗೆ ಬಂದಿಲ್ಲ. ಸ್ವತಂತ್ರವಾಗಿ ಪರಿಶೀಲನೆ ಆಗಲಿ ಅಂತ ಕೇಳಿದ ಅರ್ಜಿಯೊಂದನ್ನು 2023ರಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಕೋಡ್ ಹೊರಗೆ ಬಿಟ್ಟರೆ ಹ್ಯಾಕ್ ಮಾಡುವವರಿಗೇ ಅನುಕೂಲ ಅಲ್ವಾ ಅನ್ನುವ ಆತಂಕ ಅಲ್ಲೂ ಬಂತು. ಕೇಳೋಕೆ ಸರಿ ಅನ್ನಿಸುತ್ತದೆ. ಆದರೆ ಮುಚ್ಚಿಟ್ಟ ಕೋಡ್ ಹೇಗಿರುತ್ತದೆ ಅನ್ನೋದಕ್ಕೆ ಒಂದು ಉದಾಹರಣೆ ಕೇಳಿ.

ಅಮೆರಿಕದಲ್ಲಿ ಡೀಬೋಲ್ಡ್ ಅಂತ ಕಂಪನಿ. ಎಟಿಎಂ ಮಾಡುವವರು, ಮತಯಂತ್ರವನ್ನೂ ಮಾಡುತ್ತಿದ್ದರು. ಕೋಡ್ ಗುಟ್ಟಾಗಿತ್ತು. 2003ರಲ್ಲಿ ಅದು ಅವರದೇ ಸರ್ವರ್ ಒಂದರಲ್ಲಿ ಬೀಗ ಇಲ್ಲದೆ ಬಿದ್ದಿದ್ದು ಯಾರದೋ ಕಣ್ಣಿಗೆ ಬಿತ್ತು. ಜಾನ್ಸ್ ಹಾಪ್ಕಿನ್ಸ್ ಮತ್ತು ರೈಸ್ ವಿಶ್ವವಿದ್ಯಾಲಯದ ನಾಲ್ವರು ಕೂತು ಓದಿದರು. ಮತಗಳನ್ನು ಗೂಢಲಿಪಿಯಲ್ಲಿ ಇಡೋಕೆ ಒಂದು ಕೀ ಬೇಕಲ್ವಾ? ಆ ಕೀಯನ್ನು ಕೋಡ್ ಒಳಗೇ ಬರೆದಿಟ್ಟಿದ್ದರು. ‘ಎಫ್2654ಎಚ್‌ಡಿ4’. ಎಲ್ಲ ಯಂತ್ರಕ್ಕೂ ಅದೇ. ಒಂದು ಯಂತ್ರದ ಕೀ ಸಿಕ್ಕರೆ ಎಲ್ಲದರದ್ದೂ ಸಿಕ್ಕಿದಂತೆ. ಎರಡನೇ ವರ್ಷದ ಹುಡುಗರು ಪ್ರಾಜೆಕ್ಟ್‌ನಲ್ಲಿ ಹೀಗೆ ಮಾಡಿದರೆ ನಿಮ್ಮ ಮೇಡಂ ಮಾರ್ಕ್ಸ್ ಕೊಡುತ್ತಾರಾ? ಯಾರೂ ನೋಡಲ್ಲ ಅನ್ನುವ ಧೈರ್ಯಕ್ಕೆ ಇಂಥ ಕೋಡ್ ಹುಟ್ಟುತ್ತದೆ.

ಇನ್ನು ತೆರೆದಿಟ್ಟ ಕಡೆ ಏನಾಯಿತು ನೋಡಿ. ಆಸ್ಟ್ರೇಲಿಯಾದ ರಾಜಧಾನಿ ಪ್ರದೇಶ, ಅಂದರೆ ಕ್ಯಾನ್‌ಬೆರಾ, 2001ರಲ್ಲೇ ಲಿನಕ್ಸ್ ಅನ್ನುವ ಮುಕ್ತ ತಂತ್ರಾಂಶದ ಮೇಲೆ ಓಡುವ ಮತಯಂತ್ರ ಮಾಡಿಸಿ ಕೋಡ್ ಪ್ರಕಟಿಸಿತು. ಅಲ್ಲಿನ ವಿಶ್ವವಿದ್ಯಾಲಯದವರು ಓದಿ, ಎಣಿಕೆ ಭಾಗದಲ್ಲಿ ತಪ್ಪು ಹುಡುಕಿ ಕೊಟ್ಟರು. ಇದು ಮುಕ್ತ ತಂತ್ರಾಂಶದವರಾದ ನಾವು ಹೇಳುವ ಹಾಗೇ ನಡೆದ ಕಥೆ.

ಸ್ವಿಟ್ಜರ್ಲೆಂಡಿನದು ಇನ್ನೂ ಮಜವಾಗಿದೆ. 2019ರಲ್ಲಿ ಅಲ್ಲಿನ ಅಂಚೆ ಇಲಾಖೆ, ಸ್ವಿಸ್ ಪೋಸ್ಟ್, ಇಂಟರ್ನೆಟ್ ಮತದಾನದ ಕೋಡನ್ನು ಪರೀಕ್ಷೆಗೆ ಬಿಟ್ಟಿತು. ಆ ವ್ಯವಸ್ಥೆಯಲ್ಲಿ ಯಾರ ಮತ ಯಾವುದು ಅಂತ ಗೊತ್ತಾಗದ ಹಾಗೆ ಮತಗಳನ್ನು ಕಲಸಬೇಕು. ಕಲಸಿದ ಮೇಲೆ, ಒಂದು ಮತವನ್ನೂ ಬದಲಾಯಿಸಿಲ್ಲ ಅಂತ ಗಣಿತದ ಪುರಾವೆ ಕೊಡಬೇಕು. ಸಾರಾ ಜೇಮೀ ಲೂಯಿಸ್, ಒಲಿವಿಯೆ ಪೆರೈರಾ, ವನೆಸ್ಸಾ ಟೀಗ್ ಅನ್ನುವ ಮೂವರು ಕೋಡ್ ಓದಿ ಒಂದು ಕಳ್ಳದಾರಿ ತೋರಿಸಿದರು. ಆ ದಾರಿ ಗೊತ್ತಿದ್ದವರು ಮತ ಬದಲಾಯಿಸಿ, ‘ಬದಲಾಯಿಸಿಲ್ಲ’ ಅನ್ನುವ ಪುರಾವೆಯನ್ನೂ ಸರಿಯಾಗಿಯೇ ಹೊರಡಿಸಬಹುದಿತ್ತು. ಪರೀಕ್ಷಿಸುವ ತಂತ್ರಾಂಶ ‘ಎಲ್ಲ ಸರಿ ಇದೆ’ ಅನ್ನುತ್ತಿತ್ತು! ಆ ವ್ಯವಸ್ಥೆಯನ್ನು ನಿಲ್ಲಿಸಿದರು. ಹೊಸದನ್ನು ಕಟ್ಟಿದರು, ಅದರ ಕೋಡ್ ಯಾವಾಗಲೂ ತೆರೆದಿರುತ್ತದೆ, ತಪ್ಪು ಹುಡುಕಿದವರಿಗೆ ಬಹುಮಾನವೂ ಇದೆ. 2023ರಲ್ಲಿ ಮೂರು ಕ್ಯಾಂಟನ್‌ಗಳಲ್ಲಿ, ಅಂದರೆ ಅಲ್ಲಿನ ರಾಜ್ಯಗಳಲ್ಲಿ, ಮತ್ತೆ ಶುರು ಮಾಡಿದರು. ಹ್ಯಾಕರ್‌ಗೆ ಅನುಕೂಲ ಅನ್ನುವವರಿಗೆ ನನ್ನ ಉತ್ತರ ಇದೇ. ಕಳ್ಳದಾರಿ ಇದ್ದದ್ದು ಕೋಡ್ ತೆರೆದಿದ್ದರಿಂದ ಅಲ್ಲ, ಸಿಕ್ಕಿಬಿದ್ದದ್ದು ತೆರೆದಿದ್ದರಿಂದ.

ಇಲ್ಲಿಯವರೆಗೆ ಚಪ್ಪಾಳೆ ಹೊಡೆಯಬಹುದು. ಈಗ ಕಷ್ಟದ ಭಾಗ.

ನಾಳೆ ಬೆಳಗ್ಗೆ ಚುನಾವಣಾ ಆಯೋಗ ಇವಿಎಂ ಕೋಡನ್ನೆಲ್ಲ ಹಾಕಿಬಿಡುತ್ತದೆ ಅಂತ ಇಟ್ಟುಕೊಳ್ಳಿ. ನೀವು ಓದುತ್ತೀರಿ. ಚೆನ್ನಾಗಿಯೇ ಇದೆ. ಮತದಾನದ ದಿನ ನಿಮ್ಮೂರ ಸರ್ಕಾರಿ ಶಾಲೆಯ ಮತಗಟ್ಟೆಗೆ ಹೋಗುತ್ತೀರಿ. ಮೇಜಿನ ಮೇಲೆ ಒಂದು ಪೆಟ್ಟಿಗೆ ಇದೆ, ಅರಗಿನ ಮುದ್ರೆ, ಹಸಿರು ಪೇಪರ್ ಸೀಲ್ ಎಲ್ಲ ಹಾಕಿದೆ. ಒಳಗಿನ ಚಿಪ್‌ನಲ್ಲಿ ಓಡುತ್ತಿರುವುದು ನೀವು ಓದಿದ ಕೋಡೇ ಅಂತ ಹೇಗೆ ಹೇಳುತ್ತೀರಿ? ಆ ಚಿಪ್‌ಗೆ ಒಂದೇ ಸಲ ಕೋಡ್ ತುಂಬಬಹುದು, ಆಮೇಲೆ ತಿದ್ದೋಕಾಗಲ್ಲ ಅನ್ನುತ್ತದೆ ಆಯೋಗ. ಒಳ್ಳೆಯದೇ. ಆದರೆ ತುಂಬಿದ್ದು ಏನು ಅನ್ನುವುದಕ್ಕೆ ಅದು ಉತ್ತರ ಆಗಲ್ಲ.

ಯುನಿಕ್ಸ್ ಅನ್ನುವ ಕಂಪ್ಯೂಟರ್ ವ್ಯವಸ್ಥೆ ಕಟ್ಟಿದವರಲ್ಲಿ ಒಬ್ಬರಾದ ಕೆನ್ ಥಾಂಪ್ಸನ್, 1984ರಲ್ಲೇ ಪ್ರಕಟವಾದ ಟ್ಯೂರಿಂಗ್ ಪ್ರಶಸ್ತಿಯ ಭಾಷಣದಲ್ಲಿ, ಇದನ್ನು ಬುಡಸಮೇತ ಅಲ್ಲಾಡಿಸಿಬಿಟ್ಟರು. ನಾವು ಬರೆದ ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಪ್ರೋಗ್ರಾಂ, ಕಂಪೈಲರ್, ಅದರಲ್ಲೇ ಒಂದು ತಂತ್ರ ಅಡಗಿಸಿದರೆ, ಶುದ್ಧವಾದ ಸೋರ್ಸ್‌ನಿಂದ ಕಳ್ಳ ಪ್ರೋಗ್ರಾಂ ಹುಟ್ಟುತ್ತದೆ. ಆ ಕಂಪೈಲರ್‌ನ ಸೋರ್ಸ್‌ನಲ್ಲೂ ಕಳ್ಳತನ ಕಾಣದ ಹಾಗೆ ಮಾಡಬಹುದು. ನೀವೇ ಪೂರ್ತಿಯಾಗಿ ಬರೆಯದ ಕೋಡನ್ನು ನಂಬೋಕಾಗಲ್ಲ ಅಂದರು ಅವರು. ಈಗ ಒಂದೇ ಸೋರ್ಸ್‌ನಿಂದ ಎಲ್ಲರಿಗೂ ಒಂಚೂರೂ ವ್ಯತ್ಯಾಸ ಇಲ್ಲದೆ ಒಂದೇ ಬೈನರಿ, ಅಂದರೆ ಯಂತ್ರ ಓಡಿಸುವ ಕಡತ, ಬರುವ ಹಾಗೆ ಮಾಡುವ ದಾರಿಗಳು ಬಂದಿವೆ. ಸಹಾಯ ಆಗುತ್ತದೆ. ಆದರೆ ಮತಗಟ್ಟೆಯಲ್ಲಿ ಚಿಪ್ ಬಿಚ್ಚಿ ನೋಡೋಕೆ ನಿಮ್ಮನ್ನು ಯಾರು ಬಿಡುತ್ತಾರೆ? ಬಿಡಲೂಬಾರದು.

ಇನ್ನೊಂದು ಕಥೆ ನೆದರ್‌ಲ್ಯಾಂಡ್ಸ್‌ದು. ಅಲ್ಲಿ ನೆಡಾಪ್ ಕಂಪನಿಯ ಯಂತ್ರ ಇತ್ತು. 2006ರಲ್ಲಿ ರಾಪ್ ಹೊಂಗ್ರೈಪ್ ಮತ್ತು ಗೆಳೆಯರು ಯಂತ್ರ ಸಂಪಾದಿಸಿ ಬಿಚ್ಚಿದರು. ಇದು ಮತ ಹಾಕಿಸಿಕೊಳ್ಳೋಕೆ ಮಾತ್ರ ಇರುವ ಯಂತ್ರ, ಕಂಪ್ಯೂಟರ್ ಅಲ್ಲ ಅನ್ನುವ ಮಾತು ಕಂಪನಿ ಕಡೆಯಿಂದ ಬಂದಿತ್ತು. ಇವರು ಅದರ ಚಿಪ್ ಬದಲಾಯಿಸಿ ಅದರ ಕೈಲಿ ಚೆಸ್ ಆಡಿಸಿದರು. ಚೆಸ್ ಸುದ್ದಿ ಆಯಿತು. ನನಗೆ ಅದಕ್ಕಿಂತ ಇಷ್ಟ ಆದದ್ದು ಇನ್ನೊಂದು. ಅಲ್ಲಿನ ಒಂದು ಪಕ್ಷದ ಹೆಸರಿನಲ್ಲಿ ‘ಅಪ್ಪೆಲ್’ ಅಂತ ಬರುತ್ತದೆ. ಅದರಲ್ಲಿ ಒಂದು ಅಕ್ಷರದ ತಲೆಯ ಮೇಲೆ ಗೆರೆ ಇದೆ. ಆ ಅಕ್ಷರ ತೋರಿಸುವಾಗ ಯಂತ್ರದ ಪರದೆ ಬೇರೆ ಲಯದಲ್ಲಿ ಮಿಡಿಯುತ್ತಿತ್ತು. ಅದರಿಂದ ಹೊರಡುವ ರೇಡಿಯೋ ಅಲೆ ಬದಲಾಗುತ್ತಿತ್ತು. ಸ್ವಲ್ಪ ದೂರದಲ್ಲಿ ರಿಸೀವರ್ ಹಿಡಿದು ಕೂತವರು, ಒಳಗೆ ನಿಂತವರು ಆ ಪಕ್ಷಕ್ಕೆ ಮತ ಹಾಕುತ್ತಿದ್ದಾರಾ ಅಂತ ಹೇಳಬಹುದಿತ್ತು! ಇದು ಯಾವ ಕೋಡ್ ಓದಿದರೂ ಸಿಗುವ ತಪ್ಪಲ್ಲ. 2008ರ ಹೊತ್ತಿಗೆ ಡಚ್ಚರು ಯಂತ್ರ ಬಿಟ್ಟು ಕಾಗದ ಮತ್ತು ಕೆಂಪು ಪೆನ್ಸಿಲ್‌ಗೆ ವಾಪಸ್ ಬಂದರು. ಅದೇ ಕಂಪನಿಯ ಯಂತ್ರಗಳಿಗೆ 5 ಕೋಟಿ ಯೂರೋಗಿಂತ ಜಾಸ್ತಿ ಸುರಿದಿದ್ದ ಐರ್ಲೆಂಡ್ ಕೊನೆಗೆ 2012ರಲ್ಲಿ ಅವನ್ನು ಗುಜರಿಗೆ ಹಾಕಿತು.

ಕೋಡೂ ಸರಿ, ಜನರೂ ಸರಿ, ಆದರೂ ಲೆಕ್ಕ ತಪ್ಪಬಹುದು. ಬೆಲ್ಜಿಯಂನ ಸ್ಕಾರ್‌ಬೇಕ್‌ನಲ್ಲಿ 2003ರಲ್ಲಿ ಒಬ್ಬ ಅಭ್ಯರ್ಥಿಗೆ ಸಾಧ್ಯವೇ ಇಲ್ಲದಷ್ಟು ಮತ ಬಂತು. ಮತ್ತೆ ಎಣಿಸಿದಾಗ ವ್ಯತ್ಯಾಸ ಸರಿಯಾಗಿ 4096. ನಿಮಗೆ ಈ ಸಂಖ್ಯೆ ನೋಡಿದ ಕೂಡಲೇ ನಗು ಬಂತಲ್ವಾ? ಎರಡರ ಹನ್ನೆರಡನೇ ಘಾತ. ಮೆಮೊರಿಯಲ್ಲಿ ಒಂದು ಬಿಟ್, ಅಂದರೆ 0 ಅಥವಾ 1 ಇರುವ ಒಂದು ಮನೆ, ಮಗುಚಿಕೊಂಡಿತ್ತು. ಕೋಡ್‌ನಲ್ಲಿ ಹುಡುಕಿದರೆ ತಪ್ಪೇ ಸಿಗಲಿಲ್ಲ. ಅಂತರಿಕ್ಷದಿಂದ ಬಂದ ಕಣ ತಾಗಿರಬಹುದು ಅಂತ ಊಹೆ. ಇಲ್ಲಿ ಮುಖ್ಯ ಏನು ಗೊತ್ತಾ? ಸಂಖ್ಯೆ ಅಸಾಧ್ಯವಾಗಿದ್ದರಿಂದ ಸಿಕ್ಕಿಬಿತ್ತು. ಇನ್ನೂ ಕೆಳಗಿನ ಬಿಟ್ ಮಗುಚಿ 64 ಮತ ಸೇರಿದ್ದರೆ ಯಾರೂ ತಲೆ ಎತ್ತಿ ನೋಡುತ್ತಿರಲಿಲ್ಲ.

ಹಾಗಾದರೆ ಏನು ಬೇಕು? ಎರಡು ಕಡೆಯಿಂದ ಉತ್ತರ ಬಂದಿದೆ, ಒಂದು ಕೋರ್ಟಿನಿಂದ, ಒಂದು ಗಣಿತದಿಂದ.

ಜರ್ಮನಿಯಲ್ಲಿ 2005ರ ಚುನಾವಣೆಗೆ ಇದೇ ನೆಡಾಪ್ ಯಂತ್ರ ಬಳಸಿದ್ದರು. ಒಬ್ಬ ತಂದೆ ಮತ್ತು ಮಗ ತಕರಾರು ಎತ್ತಿದರು. 2009ರ ಮಾರ್ಚ್ 3ರಂದು ಅಲ್ಲಿನ ಸಂವಿಧಾನ ನ್ಯಾಯಾಲಯ ತೀರ್ಪು ಕೊಟ್ಟಿತು. ಮೋಸ ಆಗಿದೆ ಅಂತ ಹೇಳಲಿಲ್ಲ. ಮತದಾನ ಮತ್ತು ಎಣಿಕೆಯ ಮುಖ್ಯ ಹಂತಗಳನ್ನು ಸಾಮಾನ್ಯ ನಾಗರಿಕ, ಯಾವ ವಿಶೇಷ ಪರಿಣತಿ ಇಲ್ಲದೆ, ನೋಡಿ ಖಚಿತ ಮಾಡಿಕೊಳ್ಳುವಂತಿರಬೇಕು, ಈ ಯಂತ್ರದಲ್ಲಿ ಹಾಗಿಲ್ಲ, ಆದ್ದರಿಂದ ಸಂವಿಧಾನಕ್ಕೆ ವಿರುದ್ಧ ಅಂದಿತು. ಈ ಅಳತೆಗೋಲು ಹಿಡಿದರೆ ನಮ್ಮ ‘ಕೋಡ್ ತೆರೆದಿಡಿ’ ಕೂಡ ಫೇಲ್. ಸಿ ಭಾಷೆ ಓದೋಕೆ ಬರುವವರು ಈ ಹಾಲ್‌ನಲ್ಲಿ ಎಲ್ಲರೂ ಇದ್ದೀರಿ. ನಿಮ್ಮ ಅಜ್ಜಿ? ಅವರ ಮತಕ್ಕೂ ನಿಮ್ಮ ಮತದಷ್ಟೇ ತೂಕ. ‘ನನ್ನ ಮೊಮ್ಮಗ ನೋಡಿದ್ದಾನೆ, ಸರಿ ಇದೆಯಂತೆ’ ಅಂತ ಅವರು ನಂಬಬೇಕಾದರೆ, ಮೊದಲು ಅಧಿಕಾರಿಯನ್ನು ನಂಬುತ್ತಿದ್ದರು, ಈಗ ಎಂಜಿನಿಯರನ್ನು. ಅಷ್ಟೇ ವ್ಯತ್ಯಾಸ.

ಗಣಿತದ ಕಡೆಯ ಉತ್ತರ ರಾನ್ ರಿವೆಸ್ಟ್ ಅವರದು. ಆರ್‌ಎಸ್‌ಎ ಗೂಢಲಿಪಿಯ ‘ಆರ್’ ಅವರೇ. ಅವರು ಮತ್ತು ಜಾನ್ ವಾಕ್ 2006ರಲ್ಲಿ ಒಂದು ನಿಯಮ ಹೇಳಿದರು. ತಂತ್ರಾಂಶದಲ್ಲಿ ಗೊತ್ತಾಗದ ಹಾಗೆ ಏನೋ ಕೆಟ್ಟಿದ್ದರೂ, ಅದರಿಂದ ಫಲಿತಾಂಶ ಗೊತ್ತಾಗದ ಹಾಗೆ ಕೆಡಬಾರದು. ತಂತ್ರಾಂಶವನ್ನು ನಂಬಲೇಬೇಕಾದ ಸ್ಥಿತಿ ಇರಬಾರದು ಅಂತ. ಇದಕ್ಕೆ ಸುಲಭದ ದಾರಿ ಕಾಗದ. ಮತದಾರ ಕಣ್ಣಾರೆ ನೋಡಿದ ಕಾಗದ, ಆಮೇಲೆ ಕೈಯಲ್ಲಿ ಎಣಿಸಬಹುದಾದ ಕಾಗದ.

ನಮ್ಮಲ್ಲಿ ಆ ಕಾಗದ ಇದೆ! 2010ರಲ್ಲಿ ಹೈದರಾಬಾದಿನ ಹರಿಪ್ರಸಾದ್, ಅಮೆರಿಕದ ಅಲೆಕ್ಸ್ ಹಾಲ್ಡರ್‌ಮನ್, ಮತ್ತು ಅದೇ ಹೊಂಗ್ರೈಪ್ ಸೇರಿ ನಮ್ಮ ಇವಿಎಂ ಮೇಲೆ ದಾಳಿ ಮಾಡಿ ತೋರಿಸಿದರು. ಅಂಕಿ ತೋರಿಸುವ ಬೋರ್ಡನ್ನೇ ಬದಲಾಯಿಸುವುದು ಒಂದು, ಮೆಮೊರಿ ಚಿಪ್ ಮೇಲೆ ಪುಟ್ಟ ಕ್ಲಿಪ್ ಸಿಕ್ಕಿಸಿ ಮತ ತಿದ್ದುವುದು ಇನ್ನೊಂದು. ಎರಡಕ್ಕೂ ಯಂತ್ರ ಕೈಗೆ ಸಿಗಬೇಕು, ಸೀಲು, ಕಾವಲು ಇದ್ದಲ್ಲಿ ಇದು ನಡೆಯಲ್ಲ ಅಂತ ಆಯೋಗದ ಕಡೆಯವರು ವಾದಿಸಿದರು. ಹರಿಪ್ರಸಾದ್ ಅವರನ್ನು ಬಂಧಿಸಿದ್ದೂ ಆಯಿತು. 2013ರಲ್ಲಿ ನಾಗಾಲ್ಯಾಂಡಿನ ನೋಕ್ಸೆನ್ ಉಪಚುನಾವಣೆಯಲ್ಲಿ ಮೊದಲ ಸಲ ವಿವಿಪ್ಯಾಟ್ ಬಂತು. ಕಾಗದದ ಸಾಕ್ಷಿ ಬೇಕೇ ಬೇಕು ಅಂತ ಸುಪ್ರೀಂ ಕೋರ್ಟ್ ಕೂಡ ಅದೇ ವರ್ಷ ಹೇಳಿತು. 2019ರ ಲೋಕಸಭೆ ಹೊತ್ತಿಗೆ ಎಲ್ಲ ಮತಗಟ್ಟೆಯಲ್ಲೂ ಬಂತು. ಬಟನ್ ಒತ್ತಿದರೆ ಗಾಜಿನ ಹಿಂದೆ ಚೀಟಿ 7 ಸೆಕೆಂಡು ಕಾಣುತ್ತದೆ, ಆಮೇಲೆ ಕತ್ತರಿಸಿ ಪೆಟ್ಟಿಗೆಗೆ ಬೀಳುತ್ತದೆ. ನಿಯಮವೂ ಚೆನ್ನಾಗಿದೆ. ಯಂತ್ರದ ಲೆಕ್ಕಕ್ಕೂ ಚೀಟಿಯ ಲೆಕ್ಕಕ್ಕೂ ಹೊಂದಿಕೆ ಆಗದಿದ್ದರೆ ಚೀಟಿಯೇ ಅಂತಿಮ.

ತೊಂದರೆ ಇರುವುದು ಎಷ್ಟು ಎಣಿಸುತ್ತೇವೆ ಅನ್ನುವುದರಲ್ಲಿ. ವಿಧಾನಸಭಾ ಕ್ಷೇತ್ರಕ್ಕೆ 5 ಮತಗಟ್ಟೆ. ಯಾವ ಮತಗಟ್ಟೆ ಅನ್ನುವುದನ್ನು ಲಾಟರಿ ಎತ್ತಿ ಆರಿಸುತ್ತಾರೆ. 2019ರವರೆಗೆ ಒಂದೇ ಇತ್ತು, ಕೋರ್ಟ್ 5 ಮಾಡಿತು. ಅದಕ್ಕೂ ಮುಂಚೆ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಹೆಸರಿನ ವರದಿಯೊಂದು, ಇಡೀ ದೇಶಕ್ಕೆ 479 ಯಂತ್ರ ನೋಡಿದರೆ ಸಾಕು ಅಂದಿತ್ತು. ಅನ್ನ ಬೆಂದಿದೆಯಾ ಅಂತ ನೋಡೋಕೆ ಒಂದು ಅಗುಳು ಹಿಸುಕಿದರೆ ಸಾಕು ಅಂತೀವಲ್ಲ, ಹಾಗೆ. ಒಂದೇ ಪಾತ್ರೆಯ ಅನ್ನಕ್ಕೆ ಅದು ಸರಿ. ಇಲ್ಲಿ 543 ಪಾತ್ರೆ ಒಲೆಯ ಮೇಲಿವೆ. ಕಲಬುರಗಿಯ ಅಗುಳು ಹಿಸುಕಿ ಮಂಗಳೂರಿನ ಅನ್ನ ಬೆಂದಿದೆ ಅನ್ನೋಕಾಗುತ್ತಾ?

ಲೆಕ್ಕ ಮಾಡೋಣ. ಒಂದು ವಿಧಾನಸಭಾ ಕ್ಷೇತ್ರದಲ್ಲಿ 240 ಮತಗಟ್ಟೆ ಅಂತ ಇಟ್ಟುಕೊಳ್ಳಿ. ಅದರಲ್ಲಿ 10 ಯಂತ್ರ ಕೆಟ್ಟಿವೆ. 5 ಆರಿಸಿದರೆ ಒಂದೂ ಕೆಟ್ಟದ್ದು ಕೈಗೆ ಸಿಗದಿರುವ ಸಾಧ್ಯತೆ ಸುಮಾರು 80 ಪರ್ಸೆಂಟ್. ಅಂದರೆ ಐದರಲ್ಲಿ ನಾಲ್ಕು ಸಲ ನಮಗೆ ಗೊತ್ತೇ ಆಗಲ್ಲ. ಲೋಕಸಭೆಗೆ ಬಂದರೆ ಕರ್ನಾಟಕದಲ್ಲಿ ಒಂದು ಸೀಟಿಗೆ 8 ವಿಧಾನಸಭಾ ಕ್ಷೇತ್ರ, ಅಂದರೆ 40 ಮತಗಟ್ಟೆ. ಅದೇ ಪ್ರಮಾಣದಲ್ಲಿ ಕೆಟ್ಟಿದ್ದರೆ ತಪ್ಪಿಸಿಕೊಳ್ಳುವ ಸಾಧ್ಯತೆ 18 ಪರ್ಸೆಂಟ್‌ಗೆ ಇಳಿಯುತ್ತದೆ. ಪರವಾಗಿಲ್ಲ ಅನ್ನಬಹುದು. ಆದರೆ 2023ರಲ್ಲಿ ಬೆಂಗಳೂರಿನ ಜಯನಗರ ನೆನಪಿದೆಯಲ್ವಾ? ಗೆಲುವಿನ ಅಂತರ 16 ಮತ. ಅಂಥ ಕಡೆ ಒಂದು ಯಂತ್ರ ಎಡವಿದರೂ ಶಾಸಕರೇ ಬದಲಾಗುತ್ತಾರೆ. 50 ಸಾವಿರದಲ್ಲಿ ಗೆದ್ದ ಕಡೆಯೂ 5, 16ರಲ್ಲಿ ಗೆದ್ದ ಕಡೆಯೂ 5. ಇದರಲ್ಲಿ ತರ್ಕ ಇಲ್ಲ.

ಅಂತರ ನೋಡಿಕೊಂಡು ಎಣಿಸಬೇಕು ಅನ್ನುವ ವಿಧಾನ ಹೊಸದೇನಲ್ಲ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಫಿಲಿಪ್ ಸ್ಟಾರ್ಕ್ ಅದರ ಗಣಿತ ಕಟ್ಟಿದರು. ಅಂತರ ದೊಡ್ಡದಿದ್ದರೆ ಕೆಲವೇ ಚೀಟಿ ಸಾಕು. ಕಿರಿದಾದರೆ ಜಾಸ್ತಿ. ಅನುಮಾನ ಹೋಗದಿದ್ದರೆ ಎಲ್ಲವನ್ನೂ ಎಣಿಸು. 2017ರಲ್ಲಿ ಅಮೆರಿಕದ ಕೊಲರಾಡೊ ರಾಜ್ಯ ಇದನ್ನು ರಾಜ್ಯಪೂರ್ತಿ ಜಾರಿ ಮಾಡಿತು. ಯಾವ ಚೀಟಿ ಎತ್ತಬೇಕು ಅನ್ನುವುದನ್ನು ಕಂಪ್ಯೂಟರ್ ಹೇಳುತ್ತದೆ. ಆ ಕಂಪ್ಯೂಟರನ್ನು ಯಾಕೆ ನಂಬಬೇಕು? ಅದಕ್ಕೆ ಅವರು ಹತ್ತು ಮುಖದ ದಾಳ ತಂದರು. ಎಲ್ಲರ ಎದುರಿಗೆ 20 ದಾಳ ಉರುಳಿಸಿ, ಬಂದ 20 ಅಂಕಿಯನ್ನು ಬರೆದು, ಅದನ್ನೇ ಬೀಜ ಸಂಖ್ಯೆ, ಅಂದರೆ ಪ್ರೋಗ್ರಾಂ ತನ್ನ ಲೆಕ್ಕ ಶುರು ಮಾಡುವ ಸಂಖ್ಯೆ, ಮಾಡಿದರು. ಅಲ್ಲಿಂದ ಮುಂದಿನ ಲೆಕ್ಕದ ಪ್ರೋಗ್ರಾಂ ತೆರೆದ ಕೋಡ್, ಮನೆಯಲ್ಲಿ ಕೂತು ಅದೇ ಪಟ್ಟಿ ಹೊರಡಿಸಿ ತಾಳೆ ನೋಡಬಹುದು. ಮುಕ್ತ ತಂತ್ರಾಂಶ ನಿಜವಾಗಿ ಕೆಲಸಕ್ಕೆ ಬರುವುದು ಇಂಥಲ್ಲಿ. 2020ರ ಅಮೆರಿಕ ಅಧ್ಯಕ್ಷ ಚುನಾವಣೆಯಲ್ಲಿ, ಜಾರ್ಜಿಯಾ ರಾಜ್ಯದ 50 ಲಕ್ಷ ಮತಗಳಲ್ಲಿ ಅಂತರ ಸುಮಾರು 14 ಸಾವಿರ ಬಂದಾಗ, ಆ 50 ಲಕ್ಷವನ್ನೂ ಕೈಯಲ್ಲೇ ಎಣಿಸಿದರು. ಫಲಿತಾಂಶ ಬದಲಾಗಲಿಲ್ಲ. ಸೋತವರು ಒಪ್ಪಿದರಾ ಅಂತ ಕೇಳಬೇಡಿ. ಎಣಿಕೆ ಅಷ್ಟರಮಟ್ಟಿಗೆ ಮಾತ್ರ ಸಹಾಯ ಮಾಡುತ್ತದೆ.

ನಮ್ಮಲ್ಲಿ 2024ರ ಏಪ್ರಿಲ್ 26ರಂದು ಸುಪ್ರೀಂ ಕೋರ್ಟ್ ಎಲ್ಲ ಚೀಟಿ ಎಣಿಸಿ ಅನ್ನುವ ಬೇಡಿಕೆಯನ್ನು ಒಪ್ಪಲಿಲ್ಲ. ಬದಲಿಗೆ ಒಂದು ಕಿಟಕಿ ತೆರೆಯಿತು. ಎರಡನೇ, ಮೂರನೇ ಸ್ಥಾನ ಬಂದವರು 7 ದಿನದೊಳಗೆ ಬರೆದು ಕೊಟ್ಟರೆ, ಕ್ಷೇತ್ರದ 5 ಪರ್ಸೆಂಟ್ ಯಂತ್ರಗಳ ಚಿಪ್‌ಗಳನ್ನು ಪರೀಕ್ಷಿಸಬೇಕು. ಖರ್ಚು ಕೇಳಿದವರದು. ಮೋಸ ಸಿಕ್ಕರೆ ದುಡ್ಡು ವಾಪಸ್. ಪರೀಕ್ಷಿಸುವವರು ಯಾರು? ಯಂತ್ರ ಮಾಡಿದ ಕಂಪನಿಯ ಎಂಜಿನಿಯರುಗಳೇ. ಅವರ ಪ್ರಾಮಾಣಿಕತೆ ಬಗ್ಗೆ ನನಗೇನೂ ಅನುಮಾನ ಇಲ್ಲ. ಆದರೆ ಉತ್ತರಪತ್ರಿಕೆ ಬರೆದವರೇ ಮರುಮೌಲ್ಯಮಾಪನ ಮಾಡಿದರೆ ನೀವು ಒಪ್ಪುತ್ತೀರಾ?

ಇನ್ನು ಪ್ರಶ್ನೆಗಳು.

‘ಸರ್, ದಿನಾ ಯುಪಿಐನಲ್ಲಿ ಕೋಟಿಗಟ್ಟಲೆ ವ್ಯವಹಾರ ನಡೆಯುತ್ತೆ. ದುಡ್ಡಿಗೆ ನಂಬ್ತೀವಿ, ಮತಕ್ಕೆ ಯಾಕೆ ಆಗಲ್ಲ?’

ಒಳ್ಳೆ ಪ್ರಶ್ನೆ, ಎಲ್ಲ ಕಡೆ ಬರುತ್ತೆ. ಯುಪಿಐನಲ್ಲಿ ತಪ್ಪೇ ಆಗಲ್ಲ ಅಂತಲ್ಲ. ತಪ್ಪಾದರೆ ಗೊತ್ತಾಗುತ್ತದೆ. ಮೆಸೇಜ್ ಬರುತ್ತೆ, ಪಾಸ್‌ಬುಕ್ ಇದೆ, ಯಾರಿಗೆ ಎಷ್ಟು ಅಂತ ಬರೆದಿದೆ. ಮತಕ್ಕೆ ಅಂಥ ರಸೀದಿ ಕೊಡೋಕಾಗಲ್ಲ. ಕೊಟ್ಟರೆ, ಹಿಂದಿನ ರಾತ್ರಿ ಮನೆಗೆ ಕುಕ್ಕರ್ ಕೊಟ್ಟು ಹೋದವರು ಮರುದಿನ ಬಂದು ‘ಎಲ್ಲಿ, ರಸೀದಿ ತೋರಿಸಮ್ಮ’ ಅಂತಾರೆ. ಮತ ಗುಟ್ಟಾಗಿರಬೇಕು, ಎಣಿಕೆ ಬಯಲಾಗಿರಬೇಕು. ಬ್ಯಾಂಕಿಗೆ ಈ ತಲೆನೋವು ಇಲ್ಲ. ಬ್ಲಾಕ್‌ಚೈನ್ ಬಗ್ಗೆ ಕೇಳೋಕೆ ಕೈ ಎತ್ತಿದವರಿಗೂ ಇದೇ ಉತ್ತರ.

‘ಹಾಗಾದ್ರೆ ಮತಪತ್ರಕ್ಕೇ ವಾಪಸ್ ಹೋಗೋದು ಒಳ್ಳೇದಲ್ವಾ? ನಮ್ಮ ರಾಜ್ಯ ಸಂಪುಟವೇ ಶಿಫಾರಸು ಮಾಡಿದೆ.’

ಹೌದು, ಸ್ಥಳೀಯ ಸಂಸ್ಥೆಗಳ ಚುನಾವಣೆಗೆ ಮತಪತ್ರ ಬಳಸಿ ಅಂತ 2025ರ ಸೆಪ್ಟೆಂಬರ್‌ನಲ್ಲಿ ಶಿಫಾರಸು ಮಾಡಿದರು. ಮತಪತ್ರದ ಕಾಲದಲ್ಲಿ ಮತಗಟ್ಟೆಗೆ ನುಗ್ಗಿ ಕಟ್ಟುಗಟ್ಟಲೆ ಠಸ್ಸೆ ಒತ್ತಿ ತುಂಬುವ ಆಟ ಎಷ್ಟು ಕಡೆ ನಡೆದಿದೆ ಅಂತ ಹಿರಿಯರನ್ನು ಕೇಳಿ. ಯಂತ್ರ ಅದಕ್ಕೆ ಕಡಿವಾಣ ಹಾಕಿತು. ನಿಮಿಷಕ್ಕೆ ನಾಲ್ಕೈದು ಮತಕ್ಕಿಂತ ಜಾಸ್ತಿ ಅದು ತೆಗೆದುಕೊಳ್ಳಲ್ಲ. ಯಂತ್ರ ಇರಲಿ, ಚೀಟಿಯನ್ನು ಗಂಭೀರವಾಗಿ ಎಣಿಸಲಿ ಅನ್ನೋದು ನನ್ನ ನಿಲುವು. ಬೇರೆಯವರು ಬೇರೆ ಹೇಳಬಹುದು.

‘ನಾನು ಒತ್ತಿದ್ದು ಒಂದು, ಚೀಟೀಲಿ ಬಂದದ್ದು ಇನ್ನೊಂದು ಆದ್ರೆ ಏನ್ಮಾಡ್ಬೇಕು ಸರ್?’

ಅಲ್ಲೇ ನಿಂತು ಪ್ರಿಸೈಡಿಂಗ್ ಆಫೀಸರ್‌ಗೆ ಹೇಳಬೇಕು. ಹೊರಗೆ ಬಂದು ಹೇಳಿದರೆ ಪ್ರಯೋಜನ ಇಲ್ಲ. ಅವರು ಮೊದಲು ಎಚ್ಚರಿಕೆ ಕೊಡುತ್ತಾರೆ, ಆಮೇಲೆ ಬರವಣಿಗೆಯಲ್ಲಿ ಹೇಳಿಕೆ ತೆಗೆದುಕೊಳ್ಳುತ್ತಾರೆ. ಏಜೆಂಟರ ಎದುರಿಗೆ ನಿಮ್ಮಿಂದ ಪರೀಕ್ಷಾ ಮತ ಹಾಕಿಸುತ್ತಾರೆ. ಚೀಟಿ ಮತ್ತೆ ತಪ್ಪಾಗಿ ಬಂದರೆ ಆ ಯಂತ್ರದಲ್ಲಿ ಮತದಾನ ನಿಲ್ಲಿಸಬೇಕು. ಸರಿಯಾಗಿ ಬಂದರೆ ಸುಳ್ಳು ಹೇಳಿಕೆ ಅಂತ ನಿಮ್ಮ ಮೇಲೆ ಕೇಸು ಬೀಳಬಹುದು, ಆರು ತಿಂಗಳವರೆಗೆ ಜೈಲೂ ಆಗಬಹುದು. ಈ ನಿಯಮ ನನಗೆ ಸರಿ ಕಾಣಲ್ಲ. ನೂರಕ್ಕೊಂದು ಸಲ ಎಡವುವ ಯಂತ್ರ ಪರೀಕ್ಷೆಯ ಹೊತ್ತಿಗೆ ಸರಿಯಾಗಿಯೇ ನಡೆಯುತ್ತೆ, ನೀವು ಇಲ್ಲಿ ಕೋಡ್ ಬರೆಯುವವರು, ನಿಮಗೆ ಅದನ್ನು ಬಿಡಿಸಿ ಹೇಳಬೇಕಾ? ಸುಮ್ನೆ ತಮಾಷೆಗೆ ದೂರು ಕೊಡುವವರನ್ನು ತಡೆಯೋಕೆ ಮಾಡಿದ ನಿಯಮ, ನಿಜ ನೋಡಿದವರ ಬಾಯಿಯನ್ನೂ ಮುಚ್ಚಿಸುತ್ತದೆ. ಅದು ಬದಲಾಗುವವರೆಗೆ ಒಂದು ಕೆಲಸ ಮಾಡಿ. ಬೀಪ್ ಸದ್ದು ಬಂದ ಕೂಡಲೇ ತಿರುಗಿ ಹೊರಡಬೇಡಿ. ಕ್ರಮಸಂಖ್ಯೆ, ಹೆಸರು, ಚಿಹ್ನೆ, ಮೂರನ್ನೂ ಓದೋಕೆ 7 ಸೆಕೆಂಡು ಸಾಕು.